ಎಲ್ಲಾ ತುಂಬಿದೆ ಕಣಣ್ಣಾ

"ಗುರುಗಳೇ, ಏನು ಬೇಕು ಎಂದು ಕೇಳಿದರೆ ಏನೂ ಬೇಡ ಅನ್ನುವವರಿಗೆ ನಾವು ಇನ್ನೇನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದಿದ್ದರು. ಶಿಷ್ಯ ಹಿಂದಿನ ದಿನ ಪೇಟೆಯ ಆಸ್ಪತ್ರೆಗೆ ಹೋಗಿ ಬಂದಿದ್ದ. ಅವನ ಕೇರಿಯವರ ಮಗು ಹತ್ತು ದಿನದಿಂದ ಅಲ್ಲಿ ಮಲಗಿತ್ತು.

"ನೀನು ಏನು ಕೇಳಿದೆ? ಅವರು ಏನಂದರು?"

"ಏನಾದರೂ ಬೇಕಾದರೆ ಸಂಕೋಚ ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಿ ಕಳಿಸಿ ಅಂದೆ. ಆ ತಾಯಿ, ಏನೂ ಬೇಡಪ್ಪ, ನೀನು ಬಂದದ್ದೇ ಸಾಕು ಅಂದರು. ಎದ್ದು ಬಂದೆ. ಬಂದ ಮೇಲೆ ಯಾಕೋ ಮನಸ್ಸು ಒಪ್ಪುತ್ತಿಲ್ಲ."

ಗುರುಗಳು ಪಕ್ಕದಲ್ಲಿ ಜಾಗ ತೋರಿಸಿದರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಮನೆಯ ಮುಂದೆಯೇ ಅವನ ಗಾಣ. ಕಣ್ಣಿಗೆ ಬಟ್ಟೆ ಕಟ್ಟಿದ ಒಂದು ಎತ್ತು ಬೆಳಗಿನಿಂದ ಅದನ್ನು ಸುತ್ತುತ್ತಿತ್ತು. ಊರಿಗೆಲ್ಲ ಅವನೇ ಎಣ್ಣೆ ಕೊಡುವವನು.

ಆ ಊರಿನಲ್ಲಿ ಒಂದು ರೂಢಿ ಇತ್ತು. ಅಕ್ಕಿಯೋ ಉಪ್ಪೋ ಎಣ್ಣೆಯೋ ಮನೆಯಲ್ಲಿ ಮುಗಿದುಹೋದರೆ ಹೆಂಗಸರು ಮುಗಿಯಿತು ಎನ್ನುತ್ತಿರಲಿಲ್ಲ, ಇಲ್ಲ ಎಂದೂ ಎನ್ನುತ್ತಿರಲಿಲ್ಲ. ಸಂಸಾರವಂದಿಗರ ಬಾಯಲ್ಲಿ ಅಂಥ ಮಾತು ಬರಬಾರದು ಎಂದು ಹಿರಿಯರು ಕಲಿಸಿದ್ದರು. ಆದ್ದರಿಂದ ಮುಗಿದದ್ದನ್ನು ಅವರು 'ತುಂಬಿದೆ' ಎನ್ನುತ್ತಿದ್ದರು. ಬರಿದಾದ ಗಿಂಡಿ ಹಿಡಿದು ಗಾಣದ ಹತ್ತಿರ ಬಂದು, "ಎಣ್ಣೆ ತುಂಬಿದೆ ಕಣಣ್ಣಾ" ಎಂದರೆ ಗಾಣಿಗ ಮತ್ತೇನೂ ಕೇಳದೆ ಅಳೆದು ಹುಯ್ಯುತ್ತಿದ್ದ. ಇಪ್ಪತ್ತೈದು ವರ್ಷದಿಂದ ಆ ಮಾತು ದಿನಕ್ಕೆ ಹತ್ತು ಸಲ ಅವನ ಕಿವಿಗೆ ಬೀಳುತ್ತಿತ್ತು.

ಗಾಣಿಗನ ಪಕ್ಕದ ಮನೆಯಲ್ಲಿ ಒಬ್ಬ ಬಡಗಿ ಇದ್ದ. ಅವನಿಗೆ ನಾಲ್ಕು ವರ್ಷದ ಒಬ್ಬಳೇ ಮಗಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಅತ್ತೆಯ ಹೆಸರು ಹಿಡಿದು ಸೊಸೆ ಕೂಗುವ ಹಾಗಿಲ್ಲವಲ್ಲ, ಹಾಗಾಗಿ ತಾಯಿ ಅವಳನ್ನು ಅವ್ವಿ ಎಂದಳು. ಊರೂ ಹಾಗೇ ಕರೆಯಿತು.

ಬೆಳಿಗ್ಗೆ ಎದ್ದರೆ ಅವ್ವಿ ಗಾಣದ ಹತ್ತಿರ ಬರುವಳು. ಎತ್ತು ಎಳೆಯುವ ಹಲಗೆಯ ಮೇಲೆ ಕುಳಿತು ಸುತ್ತು ಬರುವಳು. ಎಣ್ಣೆ ತೆಗೆದ ಬಿಸಿ ಎಳ್ಳಿಂಡಿಯ ಜೊತೆ ಒಂದು ಚೂರು ಬೆಲ್ಲ ಸಿಗುವವರೆಗೆ ಇಳಿಯುತ್ತಿರಲಿಲ್ಲ.

"ಮಾವ, ಎತ್ತಿಗೆ ತಲೆ ತಿರುಗಲ್ವಾ?"

"ತಿರುಗಬಾರದು ಅಂತಲೇ ಕಣ್ಣಿಗೆ ಬಟ್ಟೆ ಕಟ್ಟಿರೋದು ಅವ್ವಿ."

"ಹಾಗಾದ್ರೆ ನಂಗೂ ಕಟ್ಟು."

ಒಂದು ದಿನ ಅವ್ವಿ ಬರಲಿಲ್ಲ. ಜ್ವರ ಎಂದರು. ಕಷಾಯಕ್ಕೆ ಇಳಿಯಲಿಲ್ಲ, ಊರಿನ ಮಾತ್ರೆಗೂ ಇಳಿಯಲಿಲ್ಲ. ಐದನೆಯ ದಿನ ಮಗು ತಾಯಿಯ ಗುರುತು ಹಿಡಿಯದ ಹಾಗಾಯಿತು. ಬಡಗಿ ಅದನ್ನು ಎತ್ತಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದ. ಜ್ವರ ತಲೆಗೆ ಏರಿದೆ, ಈಗಲೇ ಏನೂ ಹೇಳುವ ಹಾಗಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ಊರಿನವರು ಒಳ್ಳೆಯವರು. ಒಬ್ಬರಾದ ಮೇಲೆ ಒಬ್ಬರು ಬಸ್ಸು ಹತ್ತಿ ಹೋಗಿ ನೋಡಿ ಬಂದರು. ಬರಿಗೈಯಲ್ಲಿ ಯಾರೂ ಹೋಗಲಿಲ್ಲ. ಗಾಣಿಗನೂ ಎಂಟನೆಯ ದಿನ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಹೋದ.

ಮಗು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿತ್ತು. ಒಂದು ಕೈಗೆ ಸೂಜಿ ಚುಚ್ಚಿ ಕೊಳವೆ ಇಳಿಬಿಟ್ಟಿದ್ದರು. ತಾಯಿ ಮಂಚಕ್ಕೆ ಒರಗಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು. ಗಾಣಿಗನಿಗೆ ಮಗುವನ್ನು ನೋಡಲಾಗಲಿಲ್ಲ. ಪಕ್ಕದ ಮೇಜಿನ ಕಡೆ ಕಣ್ಣು ತಿರುಗಿಸಿದ. ಮೇಜಿನ ತುಂಬ ಕಿತ್ತಳೆ, ಬಾಳೆಹಣ್ಣು, ಬ್ರೆಡ್ಡು, ಬಿಸ್ಕತ್ತು. ಅವನು ತಂದ ಚೀಲ ಇಡಲು ಜಾಗವಿರಲಿಲ್ಲ. ಕೆಳಗಿಟ್ಟ.

"ಏನಾದರೂ ಬೇಕೇನು ತಂಗೀ?" ಎಂದು ಕೇಳಿದ.

ಆಕೆ ತಲೆ ಎತ್ತಿದಳು. "ಎಲ್ಲಾ ತುಂಬಿದೆ ಕಣಣ್ಣಾ" ಎಂದಳು.

ಗಾಣಿಗ ಮತ್ತೊಮ್ಮೆ ಮೇಜು ನೋಡಿದ. ಹೌದು, ತುಂಬಿತ್ತು. ಅವನ ಎದೆಯ ಭಾರ ಸ್ವಲ್ಪ ಇಳಿಯಿತು. ದೇವರಿದ್ದಾನೆ, ಧೈರ್ಯವಾಗಿರು ಎಂದು ಹೇಳಿ ಎದ್ದು ಬಂದ. ಊರಿಗೆ ಬಂದು ಕೇಳಿದವರಿಗೆಲ್ಲ, "ಅವರಿಗೆ ಏನೂ ಕೊರತೆ ಇಲ್ಲ. ಆ ತಾಯೇ ಬಾಯಿಬಿಟ್ಟು ಹೇಳಿದಳು" ಎಂದ. ಕೇಳಿದವರಿಗೂ ಸಮಾಧಾನವಾಯಿತು. ಮಾರನೆಯ ದಿನ ಹೊರಟಿದ್ದ ಇಬ್ಬರು, ಹಾಗಾದರೆ ಸೋಮವಾರ ಕಳೆದು ಹೋದರಾಯಿತು ಎಂದು ನಿಂತರು.

ಮಾರನೆಯ ಬೆಳಿಗ್ಗೆ ಗಾಣ ತಿರುಗುತ್ತಿತ್ತು. ಬಳೆ ತೊಡಿಸುವ ಮುದುಕಿ ಗಿಂಡಿ ಹಿಡಿದು ಬಂದಳು.

"ಎಣ್ಣೆ ತುಂಬಿದೆ ಕಣೋ, ಒಂದು ಪಾವು ಹುಯ್ಯಿ."

ಗಾಣಿಗ ಗಿಂಡಿ ತೆಗೆದುಕೊಂಡ. ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಎಂದಿನಂತೆ ಅದನ್ನು ಬೋರಲು ಮಾಡಿದ. ಒಂದು ತೊಟ್ಟೂ ಬೀಳಲಿಲ್ಲ. ಬೋರಲು ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟ.

"ಏನೋ ಅದು, ಎತ್ತಿನ ಕಣ್ಣಿನ ಬಟ್ಟೆ ಇವತ್ತು ನೀನು ಕಟ್ಟಿಕೊಂಡಿದ್ದೀಯೇನು? ಹುಯ್ಯೋ ಅಂದ್ರೆ ಗಿಂಡಿ ನೋಡ್ತಾ ನಿಂತಿದ್ದಾನೆ!"

"ನಿನ್ನೆ ಕಟ್ಟಿಕೊಂಡಿದ್ದೆ ಅಜ್ಜಿ" ಎಂದ ಗಾಣಿಗ.

ಮುದುಕಿಯ ಗಿಂಡಿ ತುಂಬಿಸಿ ಕೊಟ್ಟ. ಎತ್ತಿನ ಕೊರಳು ಬಿಚ್ಚಿದ. ಗಾಣದ ಸದ್ದು ನಿಂತದ್ದು ಕೇಳಿ ಹೆಂಡತಿ ಹೊರಗೆ ಬಂದಳು.

"ಅರ್ಧ ಅರೆದ ಎಳ್ಳು ಬಿಟ್ಟು ಯಾರಾದರೂ ಗಾಣ ನಿಲ್ಲಿಸ್ತಾರಾ? ಗಟ್ಟಿಯಾಗಿ ಕೂತುಬಿಡುತ್ತೆ."

"ಕೂರಲಿ ಬಿಡು. ನಿನ್ನೆ ಅವ್ವಿಯ ತಾಯಿ ಬರಿ ಗಿಂಡಿ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದಳು ಕಣೇ. ತುಂಬಿದೆ ಅಂದಳು. ನಾನು ಸಂತೋಷಪಟ್ಟು ಎದ್ದು ಬಂದೆ."

 ಹೆಂಡತಿ ಒಳಗೆ ಹೋಗಿ ಮೊಸರನ್ನದ ಬುತ್ತಿ ಕಟ್ಟಿ ತಂದಳು.

ಈ ಸಲ ಆಸ್ಪತ್ರೆಯಲ್ಲಿ ಗಾಣಿಗ ಏನನ್ನೂ ಕೇಳಲಿಲ್ಲ. ಮಂಚದ ಕಾಲ ಬಳಿ ಕುಳಿತು ನೋಡಿದ. ಬಡಗಿಗೆ ಹಗಲೆಲ್ಲ ಔಷಧಿಯ ಸಾಲು, ಚೀಟಿಯ ಸಾಲು; ಈಗಲೂ ಅಲ್ಲಿಗೇ ಹೋಗಿದ್ದ. ಮೇಜಿನ ಮೇಲಿನ ಕಿತ್ತಳೆಗಳು ಬಾಡಿದ್ದವು. ಬಾಳೆಹಣ್ಣು ಕಪ್ಪಾಗಿತ್ತು. ಒಂದನ್ನೂ ಯಾರೂ ಸುಲಿದಿರಲಿಲ್ಲ. ತಾಯಿಯ ತುಟಿ ಒಣಗಿತ್ತು, ತಲೆ ಜಡೆಗಟ್ಟಿತ್ತು. ಆಮೇಲೆ ಅವನು ಅವಳ ಕೈ ನೋಡಿದ.

ಅವಳ ಬಲಗೈ ಹೊದಿಕೆಯ ಒಳಗಿತ್ತು. ಮಗು ಸೂಜಿಯಿಲ್ಲದ ಕೈಯಿಂದ ಅವಳ ಬೆರಳುಗಳನ್ನು ಮುಷ್ಟಿ ಮಾಡಿ ಹಿಡಿದಿತ್ತು. ಆಕೆ ಕೈ ಬಿಡಿಸಿಕೊಂಡರೆ ಮಗು ಬೆಚ್ಚಿಬಿದ್ದು ಕೊಳವೆಗೆ ಕೈ ಹಾಕುತ್ತಿತ್ತು. ಎರಡು ಸಲ ಕಿತ್ತೂ ಹಾಕಿತ್ತು. ಮೂರನೆಯ ಸಲ ಸೂಜಿ ಚುಚ್ಚಲು ನರ ಸಿಗದೆ ನರ್ಸಮ್ಮನೇ ಕಣ್ಣೀರು ಹಾಕಿದ್ದಳು. ಅಂದಿನಿಂದ ತಾಯಿ ಕೈ ತೆಗೆದಿರಲಿಲ್ಲ. ಗಂಡ ಕೂತು ನೋಡಿದ್ದ. ಅವನ ಕೈಯನ್ನು ಮಗು ಒಪ್ಪಲಿಲ್ಲ. ಎಡಗೈಯಲ್ಲಿ ಲೋಟ ಹಿಡಿದು ಹಾಲು ಕುಡಿಯುವಳು. ಎಡಗೈಯಲ್ಲಿ ಅನ್ನ ಹೇಗೆ ಉಣ್ಣುವಳು? ಒಂದೇ ಕೈಯಲ್ಲಿ ಕಿತ್ತಳೆ ಹೇಗೆ ಸುಲಿಯುವಳು? ಬಂದವರೆಲ್ಲ ಹಣ್ಣು ಇಟ್ಟು, ಕೈಮುಗಿದು, ಹೋಗಿದ್ದರು.

ಗಾಣಿಗ ಒಂದು ಕಿತ್ತಳೆ ಸುಲಿದ. ನಾರು ತೆಗೆದು ತೊಳೆಗಳನ್ನು ಅವಳ ಎಡಗೈಯಲ್ಲಿಟ್ಟ. ಆಕೆ ಒಂದನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಹಾಕಿಕೊಳ್ಳುವಷ್ಟರಲ್ಲಿ ಅವಳ ಕಣ್ಣಿಂದ ನೀರು ಇಳಿಯಿತು. ಗಾಣಿಗ ಮುಖ ತಿರುಗಿಸಿಕೊಂಡು ಇನ್ನೊಂದು ಹಣ್ಣು ಸುಲಿದ.

ಆಮೇಲೆ ಅವನು ತನ್ನ ತೋರುಬೆರಳನ್ನು ಹೊದಿಕೆಯ ಒಳಗೆ ನಿಧಾನವಾಗಿ ಮಗುವಿನ ಮುಷ್ಟಿಯ ಪಕ್ಕಕ್ಕೆ ತಂದ. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಎಳ್ಳೆಣ್ಣೆಯ ವಾಸನೆ ಬಿಡದ ಬೆರಳು ಅದು. ಮಗು ಮೂಗು ಅರಳಿಸಿತು. ಹುಬ್ಬು ಗಂಟಿಕ್ಕಿತು. ಒಂದು ಬೆರಳು ಬಿಟ್ಟಿತು, ಇನ್ನೊಂದು ಬಿಟ್ಟಿತು. ಆಮೇಲೆ ಗಾಣಿಗನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಗಾಣಿಗ ಗಂಟಲಿನಲ್ಲಿ ಗಾಣದ ಸದ್ದು ಮಾಡಿದ. ಕಿರ್ರ್... ಕಿರ್ರ್... ಮಗುವಿನ ಹುಬ್ಬು ಸಡಿಲವಾಯಿತು.

ತಾಯಿ ತನ್ನ ಬಲಗೈಯನ್ನು ಹೊರಗೆ ತೆಗೆದು, ಅದು ಯಾರದೋ ಕೈ ಅನ್ನುವ ಹಾಗೆ ನೋಡಿದಳು. ಎದ್ದು ಹೋಗಿ ತೊಳೆದುಕೊಂಡು ಬಂದಳು. ಬುತ್ತಿ ಬಿಚ್ಚಿ ಉಂಡಳು. ನೆಲದ ಮೇಲೆ ಸೆರಗು ಹಾಸಿ ಅಲ್ಲೇ ಉರುಳಿದಳು. ಮರುಗಳಿಗೆಗೆ ಅವಳಿಗೆ ನಿದ್ದೆ ಹತ್ತಿತ್ತು.

ನರ್ಸಮ್ಮ ಬಂದಳು. "ಯಾರು ನೀವು? ಮಗುವಿಗೆ ಏನಾಗಬೇಕು?" ಎಂದು ಕೇಳಿದಳು.

"ಎಣ್ಣೆಯವನು ತಾಯಿ."

"ಎಣ್ಣೆಯವರಿಗೆ ಇಲ್ಲೇನು ಕೆಲಸ?"

"ತುಂಬಿದೆ ಅಂದರು. ಬಂದೆ."

ನರ್ಸಮ್ಮ ಬೇರೆ ಸೀಮೆಯವಳು. ಅವಳಿಗೆ ಅರ್ಥವಾಗಲಿಲ್ಲ. ಮಗುವಿನ ಮುಷ್ಟಿ ನೋಡಿದಳು, ನೆಲದ ಮೇಲೆ ಮಲಗಿದ್ದ ತಾಯಿಯನ್ನು ನೋಡಿದಳು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.

ಹೊತ್ತು ಇಳಿದ ಮೇಲೆ ತಾಯಿಗೆ ದಡಕ್ಕನೆ ಎಚ್ಚರವಾಯಿತು. "ಅಯ್ಯೋ, ನನ್ನ ಮಗು!" ಎಂದು ಎದ್ದಳು.

"ಇಲ್ಲೇ ಇದ್ದಾಳೆ ತಂಗೀ, ಗಾಣದ ಹಲಗೆ ಮೇಲೆ" ಎಂದ ಗಾಣಿಗ.

ಊರಿಗೆ ಬಂದವನು ಮನೆಮನೆಗೂ ಹೋಗಿ, ನಾನು ತಪ್ಪು ಕೇಳಿಸಿಕೊಂಡು ಬಂದು ನಿಮಗೂ ತಪ್ಪು ಹೇಳಿದೆ ಎಂದ. ಮಾರನೆಯ ದಿನದಿಂದ ದಿನಕ್ಕೊಬ್ಬರು ಹೋದರು. ಹಣ್ಣು ಒಯ್ಯಲಿಲ್ಲ. ಮಗುವನ್ನು ಹೇಗೆ ಹಿಡಿದುಕೊಳ್ಳಬೇಕು ಎಂದು ಗಾಣಿಗ ಹೇಳಿಕೊಡಲು ಹೋದರೆ ಬಳೆಯ ಮುದುಕಿ ಅವನ ಬಾಯಿ ಮುಚ್ಚಿಸಿದಳು. "ಕೈ ಹಿಡಿಯೋದು ನಂಗೆ ಹೇಳಿಕೊಡಬೇಡ ಹೋಗೋ. ಅರವತ್ತು ವರ್ಷದಿಂದ ಅದೇ ಕಸುಬು ನಂದು." ನಿಜಕ್ಕೂ ಮಗು ಗಾಣಿಗನನ್ನು ಬಿಟ್ಟರೆ ಮೊದಲು ಒಪ್ಪಿಕೊಂಡದ್ದು ಅವಳ ಕೈಯನ್ನೇ.

ಡಾಕ್ಟರು ಬಹಳ ದಿನ ಏನೂ ಹೇಳಲಿಲ್ಲ. ಒಂದು ದಿನ ಮಗು ಕಣ್ಣು ಬಿಟ್ಟು, ತಾಯಿಯನ್ನು ನೋಡಿ ಅವ್ವಾ ಎಂದಿತು. ಅದಾದ ಹದಿನೈದು ದಿನಕ್ಕೆ ಮನೆಗೆ ಬಂತು. ಕಾಲಿನಲ್ಲಿ ಶಕ್ತಿ ಇರಲಿಲ್ಲ. ಬಡಗಿ ಅವಳನ್ನು ಎತ್ತಿ ತಂದು ಹಲಗೆಯ ಮೇಲೆ ಕೂರಿಸಿದ. ಆ ದಿನ ಗಾಣಿಗ ಎತ್ತನ್ನು ಹೊಡೆಯಲಿಲ್ಲ, ಕೊರಳ ಹಗ್ಗ ಹಿಡಿದು ತಾನೇ ಮುಂದೆ ಮುಂದೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡ.

"ಈಗಲೇ ಹೋಗುತ್ತೇನೆ ಗುರುಗಳೇ. ಆ ತಾಯಿಯನ್ನು ಈ ಸಲ ಏನೆಂದು ಕೇಳಲಿ?"

"ನಿನ್ನೆ ಏನೂ ಬೇಡಪ್ಪ ಅಂದಾಗ ಆ ತಾಯಿಯ ಬಲಗೈ ಎಲ್ಲಿತ್ತು?" ಎಂದರು ಗುರುಗಳು.

ಶಿಷ್ಯ ಅತ್ತ ನೋಡಿಯೇ ಇರಲಿಲ್ಲ. ನೆನಪಿಗೆ ಏನೂ ಬರಲಿಲ್ಲ. ಮತ್ತೇನೂ ಕೇಳದೆ ಜಗಲಿ ಇಳಿದು ಪೇಟೆಯ ದಾರಿ ಹಿಡಿದ.