ಪೆರೀನಳ ಅಗಲ

ಹೊಳೆಯ ಅಂಚಿನಿಂದ ಒಳಕ್ಕೆ ಇಪ್ಪತ್ತನಾಲ್ಕು ಅಡಿ ನೆಲ ದೋಣಿ ಎಳೆಯುವವರ ಕಾಲಿಗೆ ಸೇರಿದ್ದು. ಅಲ್ಲಿ ಯಾರೂ ಬೇಲಿ ಹಾಕಬಾರದು, ಮರ ನೆಡಬಾರದು, ಬಳ್ಳಿ ಹಬ್ಬಿಸಬಾರದು. ಫ್ರಾನ್ಸಿನ ದೊರೆಯೊಬ್ಬ ಹಿಂದೆ ಹೊರಡಿಸಿದ್ದ ಕಟ್ಟಳೆ ಇದು. ವೆರ್ಲೋನ್ ನದಿಯ ದಂಡೆಯಲ್ಲಿರುವ ಮೊಂತಿವ್ರ್ ಎಂಬ ದ್ರಾಕ್ಷಿಯ ಊರಿನಲ್ಲಿ ಇದನ್ನು ಮುರಿಯದ ಮನೆ ಒಂದೂ ಇರಲಿಲ್ಲ.

ಇಂದು ಆ ದಂಡೆಯ ಮೇಲೆ ಸೈಕಲ್ ದಾರಿಯಿದೆ. ಮೋಟಾರು ವಾಹನ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಹಿಂದಿನ ಗಾಲಿಯ ಎರಡೂ ಬದಿಗೆ ಚೀಲ ತೂಗಿಸಿಕೊಂಡು ದಿನಗಟ್ಟಲೆ ತುಳಿಯುವವರು ಬೇಸಿಗೆಯುದ್ದಕ್ಕೂ ಬರುತ್ತಿರುತ್ತಾರೆ. ಒಂದು ಕಡೆ ನಿಧಾನವಾಗಿ ಹರಿಯುವ ಹಸಿರು ನೀರು, ಇನ್ನೊಂದು ಕಡೆ ಗುಡ್ಡದವರೆಗೆ ಏರಿಹೋಗುವ ದ್ರಾಕ್ಷಿ ಸಾಲು. ಮೊಂತಿವ್ರಿಗೆ ಬಂದಮೇಲೆ ಮಾತ್ರ ದಾರಿ ಸೊರಗುತ್ತದೆ. ಎದುರಿನಿಂದ ಇನ್ನೊಂದು ಸೈಕಲ್ ಬಂದರೆ ಒಬ್ಬರು ಕಾಲು ಊರಿ ನಿಲ್ಲಲೇಬೇಕು. ಬಳ್ಳಿಯ ಎಲೆ ಹ್ಯಾಂಡಲ್ಲಿಗೆ ತಗಲುತ್ತದೆ, ಪೆಡಲು ಹೊಳೆಯ ಕಡೆಗೆ ಜಾರುತ್ತದೆ. ಹಾಗೆ ಬೈದುಕೊಳ್ಳುತ್ತಾ ಒಂದು ತಿರುವು ದಾಟಿದೊಡನೆ ದಂಡೆ ತಟ್ಟನೆ ತೆರೆದುಕೊಳ್ಳುತ್ತದೆ. ಹುಲ್ಲು, ಬಿಸಿಲು, ಎರಡು ಗಾಡಿ ಅಕ್ಕಪಕ್ಕ ಹೋಗುವಷ್ಟು ಜಾಗ. ಎಲ್ಲರೂ ಅಲ್ಲಿ ಸೈಕಲ್ ಮಲಗಿಸಿ ಬುತ್ತಿ ಬಿಚ್ಚುತ್ತಾರೆ. ಕೂರಬಹುದೋ ಕೂರಬಾರದೋ ಎಂದು ಅನುಮಾನಿಸುವವರನ್ನು ಕಂಡರೆ ತೋಟದ ಮುದುಕರು, "ಕೂತ್ಕೊಳ್ಳಿ, ಕೂತ್ಕೊಳ್ಳಿ. ಇದು ಯಾರಪ್ಪನ ಜಾಗವೂ ಅಲ್ಲ," ಎಂದು ಕೂಗಿ ಹೇಳುತ್ತಾರೆ. ಈ ಜಾಗಕ್ಕೆ ಪೆರೀನಳ ಅಗಲ ಎಂದು ಹೆಸರು. ಪೆರೀನ್ ರಾಣಿಯಲ್ಲ, ಸಂತಳೂ ಅಲ್ಲ.

ಹಿಂದೆ ಒಮ್ಮೆ, ಆ ಸೀಮೆಗೆ ರೈಲು ಬರುವುದಕ್ಕೆ ಎಷ್ಟೋ ಮೊದಲು, ಮೊಂತಿವ್ರಿನ ವೈನ್ ಪೀಪಾಯಿಗಳೆಲ್ಲ ಹೊಳೆಯ ಮೇಲೆಯೇ ಹೋಗುತ್ತಿದ್ದವು. ಕೆಳಕ್ಕೆ ಹೋಗಲು ನೀರೇ ಸಾಕು. ಮೇಲಕ್ಕೆ ಬರಲು ದೋಣಿಗೆ ಹಗ್ಗ ಕಟ್ಟಿ ದಡದಿಂದ ಎಳೆಯಬೇಕು. ಮೊದಲು ಕುದುರೆಗಳು ಎಳೆಯುತ್ತಿದ್ದವಂತೆ. ದಾರಿ ಕಿರಿದಾದಂತೆ ಕುದುರೆಗೆ ಜಾಗ ಸಾಲಲಿಲ್ಲ, ಮನುಷ್ಯರು ಎಳೆದರು. ದಾರಿ ಕಿರಿದಾದದ್ದು ಹೇಗೆ ಎಂದು ಕೇಳಿದರೆ ಊರಿನವರ ಬಳಿ ಸಿದ್ಧ ಉತ್ತರವಿತ್ತು: "ನಾವೇನೂ ನೆಟ್ಟಿಲ್ಲ ಸ್ವಾಮಿ. ಬಳ್ಳಿ ತಾನಾಗಿ ನಡೆದು ಬಂತು." ಇದರಲ್ಲಿ ಅರ್ಧ ನಿಜವಿತ್ತು, ಹಾಗಾಗಿ ಪೂರಾ ಸುಳ್ಳಿಗಿಂತ ಅಪಾಯಕಾರಿಯಾಗಿತ್ತು. ನಮ್ಮಲ್ಲಿ ಮಲ್ಲಿಗೆಯ ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ನಡುವಿಗೆ ಮಣ್ಣು ಮುಚ್ಚಿ, ಬೇರು ಬಂದಮೇಲೆ ತಾಯಿಗಿಡದಿಂದ ಕತ್ತರಿಸುವುದಿಲ್ಲವೇ, ಅಲ್ಲಿ ದ್ರಾಕ್ಷಿಗೂ ಹಾಗೆಯೇ ಮಾಡುತ್ತಿದ್ದರು. ಮುದಿಯಾದ ಬಳ್ಳಿಯ ಬದಲು ಹೊಸ ಬಳ್ಳಿ ಬರಿಸುವ ಹಳೆಯ, ಒಳ್ಳೆಯ ಕ್ರಮವದು. ಮೊಂತಿವ್ರಿನವರು ಅದಕ್ಕೆ ಒಂದು ದಿಕ್ಕು ಕೊಟ್ಟರು, ಅಷ್ಟೆ. ಬಗ್ಗಿಸುವುದನ್ನು ಯಾವಾಗಲೂ ಹೊಳೆಯ ಕಡೆಗೇ ಬಗ್ಗಿಸಿದರು. ವರ್ಷಕ್ಕೆ ಒಂದು ಹೆಜ್ಜೆ.

ನಮ್ಮ ಹಳ್ಳಿಗಳಲ್ಲಿ ಬದು ಒತ್ತುವವನು ಒಬ್ಬನೇ ಒತ್ತುತ್ತಾನೆ, ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಅಲ್ಲಿ ಜಗಳಕ್ಕೆ ಯಾರೂ ಉಳಿಯದಂತೆ ನೋಡಿಕೊಂಡಿದ್ದರು. ವಸಂತದ ಆರಂಭದಲ್ಲಿ ಒಂದು ದಿನ ಗೊತ್ತುಮಾಡಿ, ಇಡೀ ಊರು ಗುದ್ದಲಿ ಹಿಡಿದು ದಂಡೆಗೆ ಇಳಿಯುತ್ತಿತ್ತು. ಹಿರಿಯನಾದ ಗುಯೆನೋ ಎಂಬಾತ ಉದ್ದಕ್ಕೂ ದಾರ ಎಳೆಸುತ್ತಿದ್ದ. ಎಲ್ಲರೂ ಅದೇ ದಾರಕ್ಕೆ ಸರಿಯಾಗಿ ಕೊಂಬೆ ಹೂಳುತ್ತಿದ್ದರು. ಸಾಲು ನೆಟ್ಟಗಿರಬೇಕು. ಒಂದು ಮನೆ ಹಿಂದೆ ಉಳಿದರೂ ಅಲ್ಲೊಂದು ಹಲ್ಲು ಬಿದ್ದಂತೆ ಕಾಣುತ್ತದೆ, ಹೊಳೆಯ ಮೇಲೆ ಹೋಗುವ ದೊರೆಯ ಅಧಿಕಾರಿ ಮೂಲ ಎಲ್ಲೆ ಯಾವುದೆಂದು ಕೇಳುತ್ತಾನೆ. ಎಲ್ಲರೂ ಸೇರಿ ಮಾಡಿದ್ದಕ್ಕೆ ಕಳವು ಎಂಬ ಹೆಸರು ಬರಲಿಲ್ಲ. ಅದು ಹಬ್ಬವಾಯಿತು. ಮಧ್ಯಾಹ್ನ ದಂಡೆಯ ಮೇಲೆಯೇ ಊಟ, ಹಾಡು, ಕುಡಿತ.

ಪೆರೀನ್ ಈ ಗುಯೆನೋನ ಸೊಸೆ. ತವರು ದೋಣಿ ಎಳೆಯುವ ಹಗ್ಗದವರದು, ಅವಳ ತಂದೆ ದೋಣಿಯ ಕುದುರೆಗಳನ್ನು ನಡೆಸಿ ಬದುಕಿದವನು, ತಮ್ಮ ಮಾತುರೇನ್ ಎಳೆಯುವವರ ಸಾಲಿನಲ್ಲಿ ಮೊದಲ ಆಳು. ಮದುವೆಯಾದ ವರ್ಷ ಗಂಡ ಕೊಂಬೆ ಬಗ್ಗಿಸಿದ, ಇವಳು ಅಂಗಾಲಿನಿಂದ ಮಣ್ಣು ಒತ್ತಿದಳು. ಎಲ್ಲೆ ದಾಟಿದ ಮೊದಲ ಸಾಲು ಅದು. ಅಂದರೆ ಅವಳೂ ನಿರಪರಾಧಿಯಲ್ಲ, ಐತಿಹ್ಯ ಹೇಳುವವರು ಇದನ್ನು ಮುಚ್ಚಿಡುವುದಿಲ್ಲ. ಗಂಡ ಜ್ವರದಲ್ಲಿ ತೀರಿಕೊಂಡಮೇಲೆ ಆ ತುಂಡು ತೋಟವೇ ಅವಳ ಅನ್ನವಾಯಿತು. ಎಲ್ಲೆಯ ಒಳಗಿದ್ದ ಬಳ್ಳಿಗಳು ಮುದಿಯಾಗಿ ಬರಡಾಗಿದ್ದವು. ಫಸಲೆಲ್ಲ ದಂಡೆಯ ಮೇಲಿನ ಸಾಲುಗಳಲ್ಲೇ.

ಒಂದು ಚಳಿಗಾಲದ ಕೊನೆಯಲ್ಲಿ ಹೊಳೆ ತುಂಬಿ ಹರಿಯಿತು. ತಿರುವಿನ ಬಳಿ ದಾರಿ ಒಂದು ಅಂಗಾಲಿನಷ್ಟೇ ಉಳಿದಿತ್ತು. ಮಾತುರೇನ್ ಎದೆಗೆ ಪಟ್ಟಿ ಬಿಗಿದು ಮುಂದೆ ಹೋಗುತ್ತಿದ್ದ. ಒಂದು ಕಡೆ ಬಳ್ಳಿಯ ಗೂಟ ಭುಜಕ್ಕೆ ತಾಗಿತು, ಇನ್ನೊಂದು ಕಡೆ ಮಣ್ಣು ಕುಸಿಯಿತು. ದೋಣಿಯ ಭಾರ ಅವನನ್ನು ಹಗ್ಗದ ಸಮೇತ ನೀರಿಗೆಳೆಯಿತು. ಊರಿನವರೇ ಹುಡುಕಿ ಹೆಣ ತೆಗೆದರು, ಊರಿನವರೇ ಹೊತ್ತರು. ಗುಯೆನೋ ಸಮಾಧಿಯ ಬಳಿ ನಿಂತು ಅತ್ತ. ಅಳು ಸುಳ್ಳಲ್ಲ ಎನ್ನುತ್ತಾರೆ. ಅದೇ ತಿಂಗಳು ಮುಗಿಯುವ ಮೊದಲು ಅದೇ ಗುಯೆನೋ ದಂಡೆಯುದ್ದಕ್ಕೂ ದಾರ ಎಳೆಸಿದ.

ಅಂದು ಎಲ್ಲರೂ ಕೊಂಬೆ ಬಗ್ಗಿಸುವಾಗ ಪೆರೀನ್ ಹೊಳೆಯ ಕಡೆಯಿಂದ ಅಗೆಯಲು ತೊಡಗಿದಳು. ಕಳೆದ ವರ್ಷ ಬೇರೂರಿದ್ದ ಬಳ್ಳಿಯನ್ನು ಬುಡಸಮೇತ ಕಿತ್ತು ಪಕ್ಕಕ್ಕೆ ಎಸೆದಳು. ಆಮೇಲೆ ಅದರ ಹಿಂದಿನದನ್ನು. ಗುಯೆನೋ ಓಡಿ ಬಂದ.

"ಏನು ಮಾಡ್ತಾ ಇದ್ದೀಯ, ಹುಚ್ಚಿ?"

"ಕಾಣ್ತಾ ಇದೆಯಲ್ಲ, ಮಾವ."

"ನಿನ್ನ ತಮ್ಮ ಹೋದ ಸಂಕಟ ನನಗೂ ಇದೆ. ಬಳ್ಳಿ ಏನು ಮಾಡಿತ್ತು?"

"ಬಳ್ಳಿ ಏನೂ ಮಾಡಲಿಲ್ಲ. ಅದಕ್ಕೆ ಕಾಲಿಲ್ಲ. ನಡೆಸಿದವರು ನಾವು."

"ಮೆತ್ತಗೆ ಮಾತಾಡು. ನೀನೊಬ್ಬಳು ಹಿಂದೆ ಸರಿದರೆ ಅಳತೆಗೋಲು ಊರಿಗೆಲ್ಲ ಬೀಳುತ್ತೆ. ಎಷ್ಟು ಮನೆ ಇದೆ ಇಲ್ಲಿ, ಯೋಚನೆ ಮಾಡಿದ್ದೀಯಾ?"

"ಹಗ್ಗದಲ್ಲಿ ಎಷ್ಟು ಜನ ಇದ್ದಾರೆ, ನೀವು ಯೋಚನೆ ಮಾಡಿದ್ದೀರಾ?"

ಗುಯೆನೋ ಅವಳ ಗುದ್ದಲಿಯ ಕಾವು ಹಿಡಿದ. ಅವಳು ಬಿಡಲಿಲ್ಲ. "ಇವತ್ತು ಅಗೆದರೆ ನಾಳೆ ನನ್ನ ಮನೆಯಲ್ಲಿ ನಿನಗೆ ಒಲೆಯಿಲ್ಲ," ಎಂದ. "ಹಾಗಾದರೆ ಇವತ್ತೇ ಮುಗಿಸಬೇಕು," ಎಂದಳಂತೆ.

ಮುಗಿಯಲಿಲ್ಲ. ಹೆಣ್ಣೊಬ್ಬಳ ಕೈಗೆ ವಾರಗಳ ಕೆಲಸವದು. ಮನೆಯಿಂದ ಹೊರಬಿದ್ದು ದೋಣಿಯವರ ಚಪ್ಪರದಲ್ಲಿ ಮಲಗಿ ಎದ್ದು ಅಗೆದಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ಹೆಂಗಸರು, "ಏನೇ ಪೆರೀನ್, ನಮ್ಮ ಬಳ್ಳಿಗಳೆಲ್ಲ ಮುಂದೆ ನಡೀತಾವೆ, ನಿನ್ನದು ಮುನಿಸಿಕೊಂಡು ತವರಿಗೆ ಹೊರಟಿದೆಯಲ್ಲೇ!" ಎಂದು ನಕ್ಕರು. ಅವಳು ಬಟ್ಟೆ ಹಿಂಡಿ, "ತವರಿಗೇ ಕಣೇ. ನಿಮ್ಮದಕ್ಕೂ ದಾರಿ ತೋರಿಸ್ತೀನಿ, ಇರಿ," ಎಂದು ಎದ್ದು ಬಂದಳು. ಎರಡು ಸಲ ರಾತ್ರೋರಾತ್ರಿ ಯಾರೋ ಅವಳು ತೋಡಿದ್ದನ್ನು ಮುಚ್ಚಿ ಹೋದರು. ಅವಳು ಮತ್ತೆ ತೋಡಿದಳು. ಯಾರೆಂದು ಕೇಳಲಿಲ್ಲ.

ಅಷ್ಟರಲ್ಲಿ ಅಧಿಕಾರಿಯ ದೋಣಿ ಬಂತು. ನೆಟ್ಟಗಿನ ಹಸಿರು ಗೋಡೆಯಲ್ಲಿ ಒಂದು ಬಾಯಿ ತೆರೆದಿರುವುದನ್ನು ಕಂಡು ಆತ ದೋಣಿಯನ್ನು ದಡಕ್ಕೆ ಹಚ್ಚಿಸಿದ. ಗುಯೆನೋ ಟೊಪ್ಪಿ ಕೈಯಲ್ಲಿ ಹಿಡಿದು ಮುಂದೆ ನಿಂತ. "ರೋಗ ಬಿದ್ದಿತ್ತು ಸ್ವಾಮಿ, ಅದಕ್ಕೆ ನನ್ನ ಸೊಸೆ ಕೀಳ್ತಾ ಇದ್ದಾಳೆ," ಎಂದ. ಸೊಸೆ ಎಂದು ಅವನು ಕರೆದದ್ದು ಅಷ್ಟು ದಿನದಮೇಲೆ ಅದೇ ಮೊದಲು. ಒಂದು ತಲೆಯಾಡಿಸಿದ್ದರೆ ಒಲೆ, ಸೂರು, ಊರು ಎಲ್ಲವೂ ಅವಳಿಗೆ ಮರಳುತ್ತಿತ್ತು. ಪೆರೀನ್ ಬೆನ್ನು ನೆಟ್ಟಗೆ ಮಾಡಿ, "ಬಳ್ಳಿ ಚೆನ್ನಾಗಿಯೇ ಇತ್ತು. ಜಾಗ ನಮ್ಮದಲ್ಲ," ಎಂದಳು. ಅಗೆದ ನೆಲದಲ್ಲಿ ಹಳೆಯ ಎಲ್ಲೆಕಲ್ಲು ತಲೆ ಎತ್ತಿತ್ತು. ಅಲ್ಲಿಂದ ಅಳೆದು, ಇಡೀ ಮೊಂತಿವ್ರ್ ಹಿಂದೆ ಸರಿಯಬೇಕೆಂದು ಆಜ್ಞೆಯಾಯಿತು.

ಸರಿದರು. ಕುದುರೆಗಳು ಮತ್ತೆ ದಂಡೆಗೆ ಬಂದವು. ಪೆರೀನ್ ಊರಿನ ಒಳಗೆ ಮತ್ತೆ ಬಾಳಲಿಲ್ಲ ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ತೆರವಾದ ಜಾಗದ ಹಿಂದೆ ಗುಡಿಸಲು ಹಾಕಿ ಹಗ್ಗದವರಿಗೆ ರೊಟ್ಟಿ ಸುಟ್ಟು ಬದುಕಿದಳು ಎಂದು ಕೆಲವರು, ದೋಣಿ ಹತ್ತಿ ಕೆಳಸೀಮೆಗೆ ಹೋದಳು ಎಂದು ಕೆಲವರು ಹೇಳುತ್ತಾರೆ. ಮುಂದೆ ರೈಲು ಬಂತು, ದೋಣಿ ನಿಂತಿತು, ಕೇಳುವವರಿಲ್ಲವಾದಾಗ ಬಳ್ಳಿಗಳು ಮತ್ತೆ ನಡೆಯಲು ತೊಡಗಿದವು. ಇಂದಿನ ಸೈಕಲ್ ದಾರಿ ಅವು ಬಿಟ್ಟ ಅಂಚಿನಲ್ಲಿ ತೂರಿಕೊಂಡು ಹೋಗುತ್ತದೆ. ಆ ಒಂದು ತುಂಡಿನಲ್ಲಿ ಮಾತ್ರ ಇವತ್ತಿಗೂ ಯಾರೂ ಕೊಂಬೆ ಹೂಳುವುದಿಲ್ಲ. ಹೂಳಿದರೆ ಏನಾಗುತ್ತದೆ ಎಂದು ಕೇಳಿದರೆ, "ಏನೂ ಆಗಲ್ಲ. ನಾಚಿಕೆಯಾಗುತ್ತೆ," ಎನ್ನುತ್ತಾರೆ.

ಆದರೆ ಆ ನೆಲಕ್ಕೆ ಪೆರೀನಳ ಹೆಸರು ನಿಂತದ್ದು ಆಜ್ಞೆಯಿಂದಲ್ಲ, ಆಜ್ಞೆಯಾದ ಮೇಲಿನ ಒಂದು ಗಳಿಗೆಯಿಂದ ಎನ್ನುತ್ತಾರೆ. ಅಧಿಕಾರಿ ದೋಣಿ ಹತ್ತುವ ಮೊದಲು ಅವಳ ತುಂಡಿನತ್ತ ತಿರುಗಿದ. ಒಂದೇ ಸಾಲು ಉಳಿದಿತ್ತು. ಗಂಡ ಬಗ್ಗಿಸಿ ಇವಳು ಮಣ್ಣು ಒತ್ತಿದ್ದ ಸಾಲು, ತೋಳಿನಷ್ಟು ದಪ್ಪಗೆ ಬೆಳೆದು ಆಗಲೇ ಚಿಗುರಿತ್ತು. ಆತ ಕೆಟ್ಟವನಲ್ಲ. "ನೀನು ಸತ್ಯ ಹೇಳಿದ್ದೀಯ, ತಾಯಿ. ಈ ಒಂದು ಸಾಲು ನಿನಗಿರಲಿ. ಹಸಿವಿಗೆ ಬೇಕಲ್ಲ. ದೊರೆಯ ಹೆಸರಿನಲ್ಲಿ ನಾನೇ ಬಿಟ್ಟುಕೊಡುತ್ತೇನೆ, ಇನ್ನು ಯಾರೂ ಕೇಳುವುದಿಲ್ಲ," ಎಂದ. ಊರಿಗೆ ಊರೇ ಅವಳತ್ತ ತಿರುಗಿತು. ಅವಳು ಹೂಂ ಎಂದರೆ ಅವಳೂ ತಮ್ಮವಳೇ. ಪೆರೀನ್ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು. "ದೊರೆ ಬಂದು ಹಗ್ಗ ಎಳೀತಾನಾ?" ಎಂದು ಕೇಳಿ, ಸೆರಗು ಬಿಗಿದವಳ ಹಾಗೆ ಮೇಲಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ಬಳ್ಳಿಯ ಬುಡಕ್ಕೆ ಗುದ್ದಲಿ ಹಾಕಿದಳು.