ಅತ್ತೆನಕ್ಕ ಹೊಂಡ

ಹಿರೇಮಡ್ಡಿಯ ಪಡುವಣಕ್ಕೆ, ಎರೆಹೊಲಗಳ ನಡುವೆ, ಕಲ್ಲು ಕಟ್ಟಿದ ಒಂದು ಹೊಂಡವಿದೆ. ಚಳಿಗಾಲದಲ್ಲಿ ಸುತ್ತಲಿನ ಅಗಸೆ ನೀಲಿ ಹೂಬಿಟ್ಟಾಗ ಹೊಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಮೊದಲಾಯಿತು ಎಂದು ದೂರದಿಂದ ತಿಳಿಯದು. ಊರವರು ಇದನ್ನು ಅತ್ತೆನಕ್ಕ ಹೊಂಡ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯ ಹತ್ತಿಗೆಲ್ಲ ಹುಳ ಬಿದ್ದು ಮಗ್ಗಗಳು ಬರಿದಾದವಂತೆ. ಆ ವರ್ಷವೇ ನೇಕಾರರ ನಿಂಬೆವ್ವನ ಮಗಳಿಗೆ ಮದುವೆ ಗೊತ್ತಾಗಿತ್ತು. ತವರಿನ ಮಗ್ಗದಲ್ಲಿ ನೇಯ್ದ ಸೀರೆ ಉಡದೆ ಅವರ ಕುಲದ ಹುಡುಗಿ ಹಸೆಮಣೆ ಏರುವಂತಿರಲಿಲ್ಲ. ನಾದಿನಿ ಮೂಲೆಯಲ್ಲಿ ಕೂತು ಅಳುವುದನ್ನು ನೋಡಿ ಸೊಸೆ ಕೆಂಚವ್ವ ಉಪಾಯ ಹುಡುಕತೊಡಗಿದಳು. ಹಗ್ಗಕ್ಕಾಗಿ ರೈತರು ಪುಂಡಿಯ ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸುವುದನ್ನು ಅವಳು ಕಂಡಿದ್ದಳು. ಕಾಳು ಬಡಿದ ಮೇಲೆ ಎಲ್ಲರೂ ಬಿಸಾಡುವ ಅಗಸೆಯ ಕಡ್ಡಿಯಲ್ಲೂ ನಾರಿರಬಾರದೇಕೆ? ಯಾರಿಗೂ ಹೇಳದೆ ಆ ಕಡ್ಡಿಯನ್ನು ಸಣ್ಣ ಸಣ್ಣ ಹೊರೆಯ ಸಿವುಡು ಕಟ್ಟಿ ಹೊಂಡದಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿದಳು.

ವಾರ ಕಳೆಯುವಷ್ಟರಲ್ಲಿ ಹೊಂಡ ಗಬ್ಬೆದ್ದು ನಾರತೊಡಗಿತು. ದನಗಳು ಮೂತಿ ತಿರುಗಿಸಿದವು, ಇದು ಕೆಂಚವ್ವನ ಕೆಲಸವೆಂದು ತಿಳಿದು ಊರು ನಿಂಬೆವ್ವನ ಬಾಗಿಲಿಗೆ ಬಂತು. ಬಿಗಿಮೋರೆಯ ಆ ಹೆಂಗಸು ನಕ್ಕದ್ದನ್ನು ಕೆಂಚವ್ವ ಒಮ್ಮೆಯೂ ಕಂಡಿರಲಿಲ್ಲ. "ಮನಿ ಮಾನಾ ಹೊಂಡಕ್ಕ ಹಾಕಿದೆಲ್ಲ! ನಾನs ಕಿತ್ತು ಒಗೀತೇನಿ," ಎಂದು ಸೆರಗು ಸಿಗಿಸಿ ನಡೆದಳು. ಕೆಂಚವ್ವ ಹಿಂದೆಯೇ ಓಡಿದಳು. ನಿಂಬೆವ್ವ ಸಿಟ್ಟಿನಲ್ಲಿ ಒಂದು ಸಿವುಡನ್ನು ಜಗ್ಗಿದ್ದೇ ತಡ, ಪಾಚಿಯ ಮೇಲೆ ಕಾಲು ಜಾರಿ ದುಡುಮ್ಮನೆ ನೀರಿಗೆ ಬಿದ್ದಳು. ಎದ್ದಾಗ ಸೊಂಟದ ಮಟ್ಟ ನೀರು, ತಲೆಯ ತುಂಬ ಕೊಳೆತ ಕಡ್ಡಿಯಿಂದ ಬಿಟ್ಟ ಹೊಂಬಣ್ಣದ ಎಳೆ.

ಕೆಂಚವ್ವನಿಗೆ ಬಾಯಿ ತಡೆಯಲಾಗಲಿಲ್ಲ. "ಅತ್ತಿ, ನಿಮ್ಮ ಕೂದಲಾ ಬಂಗಾರ ಆಗ್ಯಾವ್ರಿ!"

ನಿಂಬೆವ್ವ ಬೈಯಲೆಂದು ಬಾಯಿ ತೆರೆದಳು. ಕಣ್ಣ ಮುಂದೆ ಜೋತಾಡುತ್ತಿದ್ದ ಎಳೆಯೊಂದನ್ನು ನೇಕಾರತಿಯ ಬೆರಳು ತಾನಾಗಿ ಹಿಡಿಯಿತು. ಹೊಸೆದಳು, ಎರಡೂ ಕೈಯಿಂದ ಜಗ್ಗಿದಳು. ಹರಿಯಲಿಲ್ಲ.

"ಎಲಾ ಇವಳ! ಇದು ನೂಲs ಅಲ್ಲೇನ!" ಎಂದವಳೇ ನಿಂತಲ್ಲೇ ನಗತೊಡಗಿದಳು. ದಡದಲ್ಲಿ ಬೈಯಲು ಬಂದವರೂ ನಕ್ಕರು. ಅಂದೇ ಓಣಿಯ ಹೆಂಗಸರೆಲ್ಲ ಸೇರಿ ಸಿವುಡುಗಳನ್ನು ಎತ್ತಿ ಒಣಹಾಕಿದರು. ಮುಂದೆ ಬಡಿದರು, ಬಾಚಿದರು, ನೂತರು. ಅತ್ತೆ ಮಗ್ಗಕ್ಕೆ ಹಾಸು ಹೂಡಿದಳು, ಸೊಸೆ ಲಾಳಿ ಹಿಡಿದಳು. ತಣ್ಣಗೆ ಮೈಗೊಪ್ಪುವ ಆ ಸೀರೆ ಉಟ್ಟು ಹುಡುಗಿ ಹಸೆಗೇರಿದಾಗ, ಬೀಗರ ಕಡೆಯ ಹೆಂಗಸರು ಸೆರಗು ಮುಟ್ಟಿ ಮುಟ್ಟಿ ನೋಡಿದರಂತೆ.

ಈಗಲೂ ಹಿರೇಮಡ್ಡಿಗೆ ಹೊಸ ಸೊಸೆ ಬಂದರೆ ಅತ್ತೆ ಅವಳನ್ನು ಈ ಹೊಂಡಕ್ಕೆ ಕರೆತರುತ್ತಾಳೆ. ಮೊದಲ ಬೊಗಸೆ ನೀರನ್ನು ಸೊಸೆಯೇ ಅತ್ತೆಯ ಮೇಲೆ ಎರಚಬೇಕು. ಹೆದರಿ ನಾಲ್ಕೇ ಹನಿ ಚಿಮುಕಿಸಿದವಳನ್ನು, "ಇನ್ನಷ್ಟು ಹಾಕವ್ವಾ, ಇವತ್ತೊಂದಿನ ನಿನಗ ಮಾಫಿ ಐತಿ," ಎಂದು ಅತ್ತೆಯೇ ಹುರಿದುಂಬಿಸುವುದನ್ನು ಬಂದವರು ದಡದಲ್ಲಿ ನಿಂತು ನೋಡಬಹುದು.