ರಾಣಿಯ ಡೇಟಾ ತಿಂದವರು ಯಾರು?

"ಕೇಳ್ರಪ್ಪೋ ಕೇಳ್ರಿ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಹೋಗುತ್ತದೆ!"

ರಾಣಿ ಸತ್ತಂದಿನಿಂದ ಆ ರಾಜ್ಯದಲ್ಲಿ ಈ ಡಂಗುರ ನಿಂತಿರಲಿಲ್ಲ. ಕಾಯಿಲೆ ಬಿದ್ದ ರಾಣಿ ಗಾಳಿ ಬದಲಾಗಲೆಂದು ಬೆಟ್ಟದ ಕೋಟೆಗೆ ಹೋಗಿದ್ದಳು. ಕೊನೆಯ ದಿನ ದೊರೆಗೆ ವಿಡಿಯೊ ಕಾಲ್ ಮಾಡಿದಳು. ಮುಖ ಕಂಡಿತು, ತುಟಿ ಅಲುಗಿತು, ಅಷ್ಟರಲ್ಲಿ ಅವಳ ಡೇಟಾ ಮುಗಿದು ಚಿತ್ರ ನಿಂತೇಬಿಟ್ಟಿತು. ಏನು ಹೇಳಹೊರಟಿದ್ದಳೋ, ದೊರೆಗೆ ತಿಳಿಯಲೇ ಇಲ್ಲ. ಅಯ್ಯೋ, ಅಂಥ ಸಂಕಟ ಶತ್ರುವಿಗೂ ಬೇಡ.

ಕುರಿ ಕಾಯುವ ಹಾಲಪ್ಪ ಅರಮನೆಗೆ ಬಂದದ್ದು ರಾಜ್ಯದ ಆಸೆಗಲ್ಲ. ಅವನ ಅಣ್ಣ ಸಿದ್ಲಿಂಗ ಉತ್ತರ ತಪ್ಪಿ ಸೆರೆಮನೆ ಸೇರಿದ್ದ. ಹೊತ್ತು ಮುಳುಗಿದರೆ ಅವನ ತಲೆ ಉರುಳುತ್ತಿತ್ತು.

ಸಾಲಿನಲ್ಲಿ ಹಾಲಪ್ಪನ ಮುಂದೆ ಸಾಹುಕಾರನ ಮಗನೊಬ್ಬ ನಿಂತಿದ್ದ. ದೊರೆ ಕೇಳಿದ: "ಹಗಲೆಲ್ಲ ಖರ್ಚಾಗಿ ಬರಿದಾಗುತ್ತದೆ, ಯಾರೂ ಕೈ ಹಚ್ಚದೆ ನಡುರಾತ್ರಿ ಮತ್ತೆ ತುಂಬುತ್ತದೆ. ಏನದು?"

"ಬಾವಿ, ಮಹಾಪ್ರಭು," ಎಂದ ಅವನು ಮೀಸೆ ತಿರುವುತ್ತ. ಭಟರು ಅವನನ್ನು ಎಳೆದುಕೊಂಡು ಹೋದರು. ಮೀಸೆಯ ಜಂಬ ಅಲ್ಲಿಗೆ ಮುಗಿಯಿತು.

"ದಿನದ ಡೇಟಾ, ಬುದ್ಧಿ," ಎಂದ ಮುಂದೆ ಬಂದ ಹಾಲಪ್ಪ.

"ಇನ್ನೊಂದು ಕೇಳು. ಓಡುತ್ತಿದ್ದದ್ದು ತೆವಳುತ್ತದೆ, ಆದರೂ ಸಾಯುವುದಿಲ್ಲ. ಅದೇನು?"

"ಡೇಟಾ ಮುಗಿದ ಮೇಲಿನ ನೆಟ್ಟು. ವಿಡಿಯೊ ಹೊರೋ ತ್ರಾಣ ಅದಕ್ಕಿರಲ್ಲ. ಬರೀ ಮಾತಾದ್ರೆ ನಿಧಾನಕ್ಕಾದ್ರೂ ಮುಟ್ಟಿಸುತ್ತೆ. ನಮ್ಮ ಹಟ್ಟಿಗೆಲ್ಲ ಒಂದೇ ಫೋನು, ಬುದ್ಧಿ. ಡೇಟಾ ಮುಗೀತು ಅಂದ್ರೆ ಮುಖ ತೋರ್ಸೋ ಗೋಜಿಗೆ ಹೋಗಲ್ಲ, ವಾಯ್ಸ್ ಮೆಸೇಜ್ ಹಾಕಿಬಿಡ್ತೀವಿ."

ದೊರೆಯ ಮುಖ ಕಪ್ಪಿಟ್ಟಿತು. "ಕೊನೆಯದು. ರಾಣಿಯ ಡೇಟಾ ತಿಂದವರು ಯಾರು?"

ಮೊದಲೆರಡು ದಾಟಿದವರೆಲ್ಲ ಎಡವಿದ್ದು ಇಲ್ಲೇ. ರಾಣಿಯ ಜೊತೆಗಿದ್ದ ಮುದುಕಿ ದಾಸಿ ತುಂಗವ್ವ ಕದ್ದು ಸಿನಿಮಾ ನೋಡಿರಬೇಕು ಎಂದು ಸಿದ್ಲಿಂಗನೂ ಹೇಳಿ ಕೆಟ್ಟಿದ್ದ. ಹಾಲಪ್ಪ ರಾಣಿಯ ಫೋನು ನೋಡಬೇಕೆಂದ. ರಾಣಿಯ ಉಸಿರು ನಿಂತಾಗ ತುಂಗವ್ವ ಅದನ್ನು ಆಫ್ ಮಾಡಿ ಮಡಿಲಿಗೆ ಕಟ್ಟಿಕೊಂಡವಳು, ಇನ್ನೂ ಬಿಚ್ಚಿರಲಿಲ್ಲ. ಪಾಪ, ದೊರೆಯೂ ಆ ನಂಬರಿಗೆ ರೀಚಾರ್ಜ್ ಮಾಡಿಸುವುದನ್ನು ಬಿಟ್ಟಿರಲಿಲ್ಲ.

ಹಾಲಪ್ಪ ಫೋನನ್ನು ಚಾರ್ಜಿಗೆ ಹಾಕಿ ತೆರೆದು ನೋಡಿದ. ಇದ್ದದ್ದು ಹೇಳಿದರೆ ತನ್ನ ತಲೆ ಹೋಗುತ್ತದೆ, ಹೇಳದಿದ್ದರೆ ಅಣ್ಣನದು. ಕಣ್ಣು ಮುಚ್ಚಿ ಹೇಳಿಯೇಬಿಟ್ಟ.

"ನೀವೇ, ಬುದ್ಧಿ. ಅವತ್ತು ನಿಮ್ಮ ವಿಜಯದ ಮೆರವಣಿಗೆ. ಆನೆದು, ಕುದುರೆದು, ನಿಮ್ಮದು ಅಂತ ಒಂದರ ಹಿಂದೊಂದು ವಿಡಿಯೊ ಕಳ್ಸಿದ್ದೀರಿ. ಈ ಫೋನಲ್ಲಿ ಬಂದದ್ದೆಲ್ಲ ತಾನಾಗೇ ಡೌನ್‌ಲೋಡ್ ಆಗುತ್ತೆ. ಅಮ್ಮಾವ್ರು ನೋಡ್ಲಿ ಬಿಡ್ಲಿ, ಡೇಟಾ ಖಾಲಿ."



"ಅವತ್ತೇ ಗೊತ್ತಿತ್ತು ಕಣೋ ನನಗೆ," ಎಂದ ದೊರೆ. "ಒಬ್ಬನಾದರೂ ನನ್ನೆದುರು ಹೇಳಲಿಲ್ಲ. ಏನು ಬೇಕು ಕೇಳು."

"ನಮ್ಮಣ್ಣ ಬೇಕು."

ಭಟರು ಸಿದ್ಲಿಂಗನ ಬೇಡಿ ಕಳಚುತ್ತಿದ್ದಾಗ ದೊರೆಯ ಫೋನು ಟಿಂಗ್ ಎಂದಿತು. ಚಿತ್ರ ನಿಂತ ಮೇಲೆ ರಾಣಿ ವಾಯ್ಸ್ ಮೆಸೇಜ್ ಹಾಕಿದ್ದಳು. ಅದು ಹೊರಡುವ ಮೊದಲೇ ಫೋನು ಆಫ್ ಆಗಿತ್ತು. ಈಗ ಬಂದು ಮುಟ್ಟಿತು.

"ಮೆರವಣಿಗೆ ನೋಡಿದ್ದು ಸಾಕ್ರೀ. ನೀವು ಬನ್ನಿ."

ಅಣ್ಣ ತಮ್ಮ ಕೈ ಹಿಡಿದುಕೊಂಡು ಹಟ್ಟಿಯ ದಾರಿ ಹಿಡಿದರು. ಅರಮನೆಯ ಬಾಗಿಲು ದಾಟಿದರೂ ಬೆನ್ನ ಹಿಂದೆ ಅದೇ ದನಿ ಕೇಳುತ್ತಿತ್ತು. ದೊರೆ ಅದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದ. "ನೀವು ಬನ್ನಿ."